ಮೈಗೆ ಒಗ್ಗುವ ನಾರು: ದಿನಬಳಕೆಯ ಬಟ್ಟೆ ಕುರಿತ ಓದುಗರ ಪ್ರಶ್ನೆಗಳು

ಹತ್ತಿ, ಲಿನನ್ (ಅಗಸೆ ನಾರಿನ ಬಟ್ಟೆ), ಉಣ್ಣೆ, ರೇಷ್ಮೆ ಒಂದು ಕಡೆ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಇನ್ನೊಂದು ಕಡೆ. ದಿನವೂ ತೊಡುವುದಕ್ಕೆ ಯಾವುದನ್ನು ಆರಿಸಬೇಕು, ತಂದದ್ದು ನಿಜವಾಗಿಯೂ ಅದೇ ಹೌದೋ ಅಲ್ಲವೋ ಎಂದು ಹೇಗೆ ತಿಳಿಯಬೇಕು, ಹಾಳಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂದು ಓದುಗರು ಕೇಳಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಎರಡು ಅಂಗಿಗಳು ಮುಟ್ಟಿದರೆ ಒಂದೇ ದಪ್ಪ. ಹತ್ತಿಯದ್ದು ಸೆಕೆಯಲ್ಲೂ ಹಿತವಾಗಿರುತ್ತದೆ, ಪಾಲಿಯೆಸ್ಟರಿನದ್ದು ಅರ್ಧ ಗಂಟೆಯೊಳಗೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಯಾಕೆ ಹೀಗೆ?

ಉತ್ತರ: ಬೆವರು ಹನಿಯಾಗುವ ಮೊದಲು ಆವಿಯಾಗಿಯೇ ಚರ್ಮದಿಂದ ಹೊರಬರುತ್ತಿರುತ್ತದೆ. ಆ ಆವಿಯನ್ನು ಬಟ್ಟೆ ತನ್ನೊಳಗೆ ಎಳೆದುಕೊಂಡರೆ ಮೈಗೂ ಬಟ್ಟೆಗೂ ನಡುವಿನ ಗಾಳಿ ಒಣಗಿರುತ್ತದೆ, ಎಳೆದುಕೊಳ್ಳದಿದ್ದರೆ ಅಲ್ಲೇ ನಿಂತು ಹನಿಗಟ್ಟುತ್ತದೆ. ಸಾಧಾರಣ ಹವೆಯಲ್ಲಿ ಪೂರ್ತಿ ಒಣಗಿದ 100 ಗ್ರಾಂ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಹೀರಿಕೊಳ್ಳುತ್ತದೆ. ರೇಷ್ಮೆ 11 ಗ್ರಾಂ, ಲಿನನ್ 12, ಉಣ್ಣೆ 14ರಿಂದ 16. ನೈಲಾನ್ 4 ಗ್ರಾಂಗೆ ನಿಲ್ಲುತ್ತದೆ, ಅಕ್ರಿಲಿಕ್ ಒಂದೂವರೆ ಗ್ರಾಂಗೆ. ಪಾಲಿಯೆಸ್ಟರ್ ಹೀರುವುದು ಅರ್ಧ ಗ್ರಾಂಗೂ ಕಡಿಮೆ, 0.4 ಗ್ರಾಂ. ನಿಮ್ಮ ಬೆನ್ನಿಗೆ ಅಂಟುವುದರ ಲೆಕ್ಕ ಇಷ್ಟೇ.

ಆದರೆ ನಾರೊಂದನ್ನೇ ನೋಡಿದರೆ ಸಾಲದು, ನೇಯ್ಗೆಯೂ ಸೇರಿಯೇ ಹಿತ. ಒತ್ತಾಗಿ ನೇಯ್ದ ದಪ್ಪ ಹತ್ತಿಬಟ್ಟೆ ಸೆಕೆಗೆ ಉಸಿರುಗಟ್ಟಿಸುತ್ತದೆ. ಸಣ್ಣ ಸಣ್ಣ ತೂತುಗಳಿರುವ ಆಟದ ಪಾಲಿಯೆಸ್ಟರ್ ಜೆರ್ಸಿ ಅದಕ್ಕಿಂತ ಹಗುರ ಅನಿಸಬಹುದು. ಅದು ಬೆವರನ್ನು ಹೀರುವುದಿಲ್ಲ, ಎಳೆಗಳ ನಡುವಿನ ಸಂದಿಯಲ್ಲಿ ಹರಡಿ ಬೇಗ ಆರಿಸುತ್ತದೆ. ಹಾಗಾಗಿ ಒಂದೆರಡು ಗಂಟೆ ಓಡಿ, ಬೆವರಿ, ತಕ್ಷಣ ಬಟ್ಟೆ ಬದಲಿಸುವವರಿಗೆ ಅದು ಸರಿಯೇ. ಚಳಿ ಜಾಗದಲ್ಲಿ ಒದ್ದೆಯಾಗಿ ನಡೆಯುವವರಿಗಂತೂ ಹತ್ತಿ ಒಳ್ಳೆಯದಲ್ಲ. ಒಮ್ಮೆ ತೊಯ್ದರೆ ಬೇಗ ಆರದೆ ಮೈ ತಣ್ಣಗಾಗಿಸುತ್ತದೆ; ಅಲ್ಲಿ ಉಣ್ಣೆ ಬೇಕು. ಆದರೆ ದಿನಕ್ಕೆ ಎಂಟು ಹತ್ತು ಗಂಟೆ ಮೈಮೇಲಿರುವ ಬಟ್ಟೆಗೆ ನಮ್ಮ ಉತ್ತರ ಯಾವಾಗಲೂ ಹತ್ತಿ ಅಥವಾ ಲಿನನ್.

ಪ್ರಶ್ನೆ: ಚೀಟಿಯಲ್ಲಿ ‘ಕಾಟನ್ ಫೀಲ್’, ‘ಸಿಲ್ಕ್ ಫಿನಿಶ್’ ಎಂದಷ್ಟೇ ಇರುತ್ತದೆ. ಬಟ್ಟೆ ಯಾವುದರದ್ದು ಎಂದು ಮನೆಯಲ್ಲೇ ಪತ್ತೆ ಮಾಡುವ ದಾರಿ ಇದೆಯೇ?

ಉತ್ತರ: ಇದೆ. ಮೊದಲು ಚೀಟಿಯ ಮಾತು. ‘ಫೀಲ್’, ‘ಫಿನಿಶ್’, ‘ಟಚ್’, ‘ಲುಕ್’ ಎಂಬ ಪದಗಳು ಮುಟ್ಟಿದರೆ ಹೇಗಿದೆ ಎಂದು ಹೇಳುತ್ತವೆ. ನಾರು ಯಾವುದು ಎಂದು ಹೇಳುವುದಿಲ್ಲ. ‘ಆರ್ಟ್ ಸಿಲ್ಕ್’ನಲ್ಲಿರುವ ಆರ್ಟ್ ಕಲೆ ಅಲ್ಲ, ಕೃತಕ ಎಂಬುದರ ಮೊಟಕು. ‘ಮೈಕ್ರೋಫೈಬರ್’ ಹಾಸಿಗೆ ಹೊದಿಕೆ ಎಂದರೆ ಬಹುಪಾಲು ಪಾಲಿಯೆಸ್ಟರ್. ‘ಸ್ಯಾಟಿನ್’ ಎಂಬುದು ಒಂದು ಬಗೆಯ ನೇಯ್ಗೆಯ ಹೆಸರು. ರೇಷ್ಮೆಯಲ್ಲೂ ಪಾಲಿಯೆಸ್ಟರಿನಲ್ಲೂ ಸ್ಯಾಟಿನ್ ಇರುತ್ತದೆ. ನಂಬಬೇಕಾದದ್ದು ಒಳಹೊಲಿಗೆಗೆ ಸೇರಿಸಿ ಹೊಲಿದ ಸಣ್ಣ ಪಟ್ಟಿಯಲ್ಲಿ ಶೇಕಡಾವಾರು ಬರೆದದ್ದನ್ನು ಮಾತ್ರ.

ಶೇಕಡಾವಾರು ಇಲ್ಲದಿದ್ದರೆ ಸುಟ್ಟು ನೋಡುವ ಪರೀಕ್ಷೆಯೇ ಹೆಚ್ಚು ನಂಬಿಕೆಯದು. ಇದನ್ನು ದೊಡ್ಡವರೇ ಮಾಡಬೇಕು, ಫ್ಯಾನ್ ನಿಲ್ಲಿಸಿ, ಕಿಟಕಿ ತೆರೆದು. ಬಟ್ಟೆಯ ಒಳಮಡಿಕೆಯಲ್ಲಿ ಹೆಚ್ಚುವರಿ ಬಿಟ್ಟಿರುವ ಅಂಚಿನಿಂದ 3–4 ಸೆಂಟಿಮೀಟರ್ ಉದ್ದದ ಹತ್ತಾರು ಎಳೆ ಬಿಡಿಸಿಕೊಳ್ಳಿ. ಹಾಸಿನ (ಉದ್ದದ) ಎಳೆ ಬೇರೆ, ಹೊಕ್ಕಿನ (ಅಡ್ಡದ) ಎಳೆ ಬೇರೆ ಇಡಿ. ಇದನ್ನು ಮರೆಯುವವರೇ ಹೆಚ್ಚು, ಮೋಸ ಹೋಗುವುದೂ ಅಲ್ಲೇ: ಹಾಸು ಪಾಲಿಯೆಸ್ಟರ್, ಹೊಕ್ಕು ಹತ್ತಿ ಇರುವ ಬಟ್ಟೆ ಬೇಕಾದಷ್ಟಿದೆ. ಹೊಲಿಗೆ ದಾರವನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಡಿ. ಅಪ್ಪಟ ಹತ್ತಿಯ ಅಂಗಿಯನ್ನೂ ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರದಲ್ಲೇ ಹೊಲಿದಿರುತ್ತಾರೆ. ಎಳೆಗಳನ್ನು ಹೊಸೆದು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರು ಹಾಕಿದ ಸ್ಟೀಲ್ ತಟ್ಟೆ ಇಟ್ಟು, ಮೇಣದ ಬತ್ತಿಯ ಉರಿಗೆ ನಿಧಾನವಾಗಿ ಹತ್ತಿರ ತನ್ನಿ.

ಹತ್ತಿಯೂ ಲಿನನ್ನೂ ಉರಿಗೆ ಹೆದರಿ ಮುದುಡುವುದಿಲ್ಲ. ತಟ್ಟನೆ ಹೊತ್ತಿಕೊಂಡು ಹಳದಿ ಜ್ವಾಲೆಯಲ್ಲಿ ಉರಿಯುತ್ತವೆ, ಉರಿ ಆರಿದ ಮೇಲೂ ತುದಿಯಲ್ಲಿ ಕೆಂಡ ಕಾಣುತ್ತದೆ. ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಹಾರಿಹೋಗುವ ಬೂದಿ. ಉಣ್ಣೆ, ರೇಷ್ಮೆ ಉರಿಯಿಂದ ಸುರುಳಿಯಾಗಿ ಹಿಂದೆ ಸರಿಯುತ್ತವೆ, ಚಟಚಟನೆ ನಿಧಾನ ಉರಿದು ಬೆಂಕಿಯಿಂದ ತೆಗೆದ ಕೂಡಲೇ ತಾವೇ ಆರುತ್ತವೆ. ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿಯುವ ಕರಿ ಗುಂಡು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಉರಿ ತಾಗುವ ಮೊದಲೇ ಕುಗ್ಗಿ ಕರಗುತ್ತದೆ, ಕಪ್ಪು ಹೊಗೆ ಬಿಡುತ್ತದೆ, ತಣ್ಣಗಾದ ಮೇಲೆ ಉಗುರಿಗೂ ಜಗ್ಗದ ಗಟ್ಟಿ ಮಣಿ ಉಳಿಯುತ್ತದೆ. ನೈಲಾನ್ ಕೂಡ ಹಾಗೇ, ಮಣಿಯ ಬಣ್ಣ ಮಾತ್ರ ಬೂದು ಅಥವಾ ಕಂದು. ಅಕ್ರಿಲಿಕ್ ಮಸಿ ಕಾರುತ್ತ ಜೋರಾಗಿ ಉರಿದು ಅಂಕುಡೊಂಕಾದ ಗಟ್ಟಿ ಕರಿ ಉಳಿಸುತ್ತದೆ. ಅದರ ಹೊಗೆ ಉಸಿರಿಗೆ ಕೆಟ್ಟದ್ದು, ಅಕ್ರಿಲಿಕ್ ಎಂಬ ಅನುಮಾನವಿದ್ದರೆ ನಾಲ್ಕೆಳೆಗಿಂತ ಹೆಚ್ಚು ಸುಡಬೇಡಿ. ಕಾಗದದ ವಾಸನೆ ಬಂದು, ಬೂದಿಯ ನಡುವೆ ಮರಳಿನಂಥ ಗಟ್ಟಿ ಹರಳು ಕೈಗೆ ಸಿಕ್ಕರೆ ಅದು ಹತ್ತಿ–ಪಾಲಿಯೆಸ್ಟರ್ ಬೆರಕೆ. ಕರಗಿದ ಹನಿಯನ್ನು ಬಿಸಿಯಿರುವಾಗ ಮುಟ್ಟಲೇಬೇಡಿ, ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ.

ಉಣ್ಣೆಯ ಸ್ವೆಟರ್ ಎಂದು ಕೊಟ್ಟದ್ದರಲ್ಲಿ ಅಕ್ರಿಲಿಕ್ ಬೆರೆತಿದೆಯೇ ಎಂಬುದಕ್ಕೆ ಇನ್ನೊಂದು ದಾರಿ. ಬಟ್ಟೆ ಬಿಳುಪು ಮಾಡುವ ಕ್ಲೋರಿನ್ ಬ್ಲೀಚನ್ನು ಗಾಜಿನ ಬಟ್ಟಲಲ್ಲಿ ಎರಡು ಚಮಚ ಹಾಕಿ, ಅದರಲ್ಲಿ ಒಂದು ಎಳೆ ಮುಳುಗಿಸಿಡಿ. ಉಣ್ಣೆ ಗುಳ್ಳೆ ಬಿಡುತ್ತ ಕರಗಿಹೋಗುತ್ತದೆ. ಅಕ್ರಿಲಿಕ್ ಹಾಗೇ ಉಳಿಯುತ್ತದೆ. ಆ ಬಟ್ಟಲಿಗೆ ವಿನೆಗರ್ ಅಥವಾ ಬೇರಾವ ಆಮ್ಲವನ್ನೂ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಉಣ್ಣೆ, ರೇಷ್ಮೆ ಬಟ್ಟೆಗಳನ್ನು ಯಾವತ್ತೂ ಬ್ಲೀಚಿಗೆ ಹಾಕಬಾರದು ಎಂಬುದಕ್ಕೂ ಕಾರಣ ಆ ನಾರು ಬ್ಲೀಚಿನಲ್ಲಿ ಹೀಗೆ ಕರಗುವುದೇ.

ಅಂಗಡಿಯಲ್ಲಿ ಸುಡಲಾಗದು. ಅಲ್ಲಿ ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ 10 ಸೆಕೆಂಡ್ ಬಿಗಿಯಾಗಿ ಹಿಡಿದು ಬಿಡಿ: ಹತ್ತಿ, ಲಿನನ್ ಸುಕ್ಕಾಗುತ್ತವೆ, ಪಾಲಿಯೆಸ್ಟರ್ ನೆಟ್ಟಗಾಗಿ ಎದ್ದುಬರುತ್ತದೆ. ಇದು ಸುಳಿವು ಅಷ್ಟೇ. ಸುಕ್ಕಾಗದಂತೆ ರಾಳ ಹಾಕಿದ ಹತ್ತಿಯೂ ಇದೆ. ನೀರಿನ ಹನಿ ಇಟ್ಟು ನೋಡುವುದೂ ಅಷ್ಟೇ ಅರೆಬರೆ ಪರೀಕ್ಷೆ; ಗಂಜಿ ಹಾಕಿದ ಹೊಸ ಹತ್ತಿ ಹನಿಯನ್ನು ತಕ್ಷಣ ಹೀರುವುದಿಲ್ಲ, ಲೇಪ ಕೊಟ್ಟ ಪಾಲಿಯೆಸ್ಟರ್ ಹೀರುತ್ತದೆ.

ಪ್ರಶ್ನೆ: ರೇಯಾನ್, ವಿಸ್ಕೋಸ್, ಮೋಡಲ್, ಬಿದಿರಿನ ಬಟ್ಟೆ: ಇವೆಲ್ಲ ನೈಸರ್ಗಿಕವೇ?

ಉತ್ತರ: ಮೂಲ ಮರದ್ದು, ತಯಾರಿ ಕಾರ್ಖಾನೆಯದ್ದು. ಮರದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ, ಸೂಕ್ಷ್ಮ ತೂತುಗಳಿಂದ ಹಾಯಿಸಿ ಮತ್ತೆ ಎಳೆ ಮಾಡುತ್ತಾರೆ. ಈ ವಿಸ್ಕೋಸ್ ವಿಧಾನಕ್ಕೆ ಇಂಗ್ಲೆಂಡಿನಲ್ಲಿ 1892ರಲ್ಲೇ ಪೇಟೆಂಟ್ ಆಗಿತ್ತು. ರೇಯಾನ್ ಮತ್ತು ವಿಸ್ಕೋಸ್ ಎಂದರೆ ದಿನಬಳಕೆಯ ಮಾತಿನಲ್ಲಿ ಒಂದೇ. ಮೋಡಲ್ ಅದರ ಗಟ್ಟಿ ತಳಿ. ಮೆತ್ತಗಿನ ‘ಬಿದಿರಿನ ಬಟ್ಟೆ’ ಎಂದು ಮಾರುವುದೆಲ್ಲ ಹೆಚ್ಚಾಗಿ ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸೇ. ವಿಸ್ಕೋಸ್ ತಯಾರಿಕೆಯಲ್ಲಿ ಕಾರ್ಬನ್ ಡೈಸಲ್ಫೈಡ್ ಎಂಬ ವಿಷಕಾರಿ ದ್ರವ ಬಳಕೆಯಾಗುತ್ತದೆ. ಲಯೋಸೆಲ್ ಎಂಬುದರಲ್ಲಿ ಅದರ ಬದಲು ಮರಳಿ ಮರಳಿ ಬಳಸಬಹುದಾದ ದ್ರಾವಕ ಇರುತ್ತದೆ, ಆ ಮಟ್ಟಿಗೆ ಅದು ಮೇಲು.

ಮೈಗೆ ಇವು ಹತ್ತಿಯಷ್ಟೇ ತಂಪು, ತೇವ ಹೀರುವುದರಲ್ಲಿ ಹತ್ತಿಗಿಂತ ಮುಂದೆ. ಸಮಸ್ಯೆ ಬರುವುದು ಒಗೆಯುವಾಗ. ಹತ್ತಿ ಒದ್ದೆಯಾದರೆ ಗಟ್ಟಿಯಾಗುತ್ತದೆ, ವಿಸ್ಕೋಸ್ ಒದ್ದೆಯಾದರೆ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಕಳೆದುಕೊಳ್ಳುತ್ತದೆ. ಕಲ್ಲಿಗೆ ಬಡಿದರೆ, ಹಿಂಡಿ ತಿರುಚಿದರೆ ಹೊಲಿಗೆಯ ಬಳಿ ಜಗ್ಗಿ ಹರಿಯುತ್ತದೆ. ಹತ್ತಿಯೋ ವಿಸ್ಕೋಸೋ ಎಂಬ ಗೊಂದಲ ಬಂದಾಗ ಸುಟ್ಟರೆ ತಿಳಿಯದು, ಎರಡೂ ಕಾಗದದಂತೆಯೇ ಉರಿಯುತ್ತವೆ. ಒಂದು ನೂಲೆಳೆಯ ನಡುಭಾಗವನ್ನು ಮಾತ್ರ ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ. ಒದ್ದೆಯಾದಲ್ಲೇ ತುಂಡಾದರೆ ವಿಸ್ಕೋಸ್, ಒಣಗಿದ ಕಡೆ ತುಂಡಾದರೆ ಹತ್ತಿ.

ಪ್ರಶ್ನೆ: ಪಾಲಿಯೆಸ್ಟರ್ ಟೀ ಶರ್ಟ್ ಒಗೆದು ಒಣಗಿಸಿದಾಗ ವಾಸನೆ ಇರುವುದಿಲ್ಲ. ತೊಟ್ಟು ಹತ್ತು ನಿಮಿಷಕ್ಕೆ ಹಳೆಯ ಬೆವರಿನ ನಾತ ಮರಳುತ್ತದೆ.

ಉತ್ತರ: ಪಾಲಿಯೆಸ್ಟರ್ ನೀರನ್ನು ದೂರ ಇಡುತ್ತದೆ, ಎಣ್ಣೆಯನ್ನು ಹತ್ತಿರ ಸೆಳೆಯುತ್ತದೆ. ಚರ್ಮದ ಜಿಡ್ಡು ಎಳೆಗೆ ಅಂಟಿ ಕುಳಿತು, ಬರೀ ನೀರು–ಸೋಪಿನ ಒಗೆತಕ್ಕೆ ಪೂರ್ತಿ ಬಿಡುವುದಿಲ್ಲ. ಮೈಬಿಸಿ ತಾಗಿದ ಕೂಡಲೇ ಆ ಜಿಡ್ಡಿನಲ್ಲಿ ಉಳಿದ ವಾಸನೆ ಎದ್ದೇಳುತ್ತದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26 ಮಂದಿ ಜೋರಾಗಿ ಸೈಕಲ್ ವ್ಯಾಯಾಮ ಮಾಡಿ ತೊಯ್ಸಿದ ಟೀ ಶರ್ಟುಗಳನ್ನು 28 ಗಂಟೆ ಇಟ್ಟು ಮೂಸಿ ನೋಡಿದಾಗ, ಹತ್ತಿಗಿಂತ ಪಾಲಿಯೆಸ್ಟರಿನದ್ದೇ ಹೆಚ್ಚು ಕೆಟ್ಟ ವಾಸನೆ. ನಾತ ಹುಟ್ಟಿಸುವ ಮೈಕ್ರೋಕಾಕಸ್ ಬಗೆಯ ಸೂಕ್ಷ್ಮಜೀವಿಗಳು ಪಾಲಿಯೆಸ್ಟರಿನ ಮೇಲೆ ಚೆನ್ನಾಗಿ ಬೆಳೆದಿದ್ದವು.

ಈಗಿರುವುದನ್ನು ಸರಿಪಡಿಸಲು: ಒಳಮೈ ಹೊರಗೆ ಮಾಡಿ, 40 ಡಿಗ್ರಿ ಬಿಸಿನೀರಿಗೆ (ಕೈಗೆ ಹಿತವಾದ ಬಿಸಿ) ಆಮ್ಲಜನಕ ಬಿಡುವ ಬಿಳುಪುಪುಡಿ, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್, 5 ಲೀಟರಿಗೆ ಒಂದು ಚಮಚದಂತೆ ಮತ್ತು ಎಂದಿನಷ್ಟು ಡಿಟರ್ಜೆಂಟ್ ಹಾಕಿ ಒಂದು ಗಂಟೆ ನೆನೆಸಿ, ಆಮೇಲೆ ಒಗೆಯಿರಿ. ಬಣ್ಣದ ಬಟ್ಟೆಯಾದರೆ ಮೊದಲು ಒಳಮೂಲೆಯಲ್ಲಿ ಪರೀಕ್ಷಿಸಿ. ಫ್ಯಾಬ್ರಿಕ್ ಕಂಡೀಷನರ್ ಪೂರ್ತಿ ನಿಲ್ಲಿಸಿ. ಅದು ಎಳೆಯ ಮೇಲೆ ತೆಳುವಾದ ಜಿಡ್ಡಿನ ಪದರ ಬಿಟ್ಟು ವಾಸನೆಗೆ ಇನ್ನಷ್ಟು ಜಾಗ ಮಾಡಿಕೊಡುತ್ತದೆ. ಟವೆಲ್ ನೀರು ಹೀರದಂತಾಗುವುದಕ್ಕೂ ಅದೇ ಕಾರಣ.

ಪ್ರಶ್ನೆ: ಬೆರಕೆ ಬಟ್ಟೆ ಸುಕ್ಕಾಗುವುದಿಲ್ಲ, ಬಾಳಿಕೆಯೂ ಹೆಚ್ಚು. ಅದನ್ನು ಬಿಡಬೇಕೇ?

ಉತ್ತರ: ಎಲ್ಲ ಕಡೆ ಬಿಡಬೇಕಿಲ್ಲ. ಪ್ಯಾಂಟು, ಚೀಲ, ಮಳೆಕೋಟು, ಈಜುಡುಪು ಇವಕ್ಕೆ ಸಿಂಥೆಟಿಕ್ ತನ್ನ ಕೆಲಸ ಮಾಡುತ್ತದೆ. ಸಾಕ್ಸಿನ ಹಿಮ್ಮಡಿಯಲ್ಲಿ ಸ್ವಲ್ಪ ನೈಲಾನ್ ಇದ್ದರೆ ತೂತು ಬೀಳುವುದು ತಡವಾಗುತ್ತದೆ. ಜೀನ್ಸ್‌ನಲ್ಲಿ ಶೇ 2ರಷ್ಟು ಎಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ಕೃತಕ ನಾರು) ಇದ್ದರೆ ಕೂರಲು ಏಳಲು ಸಲೀಸು, ಆದರೆ ಜೋರು ಬಿಸಿ ಇಸ್ತ್ರಿಯೂ ಕ್ಲೋರಿನ್ನೂ ಅದನ್ನು ಕೊಲ್ಲುತ್ತವೆ, ಆಮೇಲೆ ಮಂಡಿಯ ಬಳಿ ಜೋತುಬೀಳುತ್ತದೆ.

ಅಂಗಿಯ ವಿಷಯದಲ್ಲಿ ಮಾತ್ರ ನಾವು ಗಟ್ಟಿಯಾಗಿ ಹೇಳುತ್ತೇವೆ. ಹೆಚ್ಚು ಕಾಣಸಿಗುವ ಬೆರಕೆ 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿ. ಅದು ಹೆಸರಿಗಷ್ಟೇ ಹತ್ತಿ. ಬೆರಕೆಯೇ ಬೇಕಿದ್ದರೆ ಹತ್ತಿ 60ಕ್ಕಿಂತ ಮೇಲಿರಲಿ. ಕಾಲರ್, ಕಂಕುಳಿನ ಬಳಿ ಜುಂಗು ಉಂಡೆಯಾಗಿ ಕೂರುವುದು ಬೆರಕೆಯ ಇನ್ನೊಂದು ಕಾಟ. ಉಜ್ಜಾಟಕ್ಕೆ ಸಣ್ಣ ನಾರುಗಳು ಎದ್ದು ಸುತ್ತಿಕೊಂಡು ಉಂಡೆಯಾಗುತ್ತವೆ. ಅಪ್ಪಟ ಹತ್ತಿಯಲ್ಲಿ ನಾರು ಬಲಹೀನವಾದ್ದರಿಂದ ಉಂಡೆ ತಾನೇ ಕಳಚಿ ಬೀಳುತ್ತದೆ. ಬೆರಕೆಯಲ್ಲಿ ಗಟ್ಟಿ ಪಾಲಿಯೆಸ್ಟರ್ ನಾರು ಆ ಉಂಡೆಯನ್ನು ಬೇರಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಬಾಳಿಕೆ ಹೆಚ್ಚು ಎಂಬ ಗುಣವೇ ಇಲ್ಲಿ ದೋಷ.

ಇಸ್ತ್ರಿಗೆ ಪಟ್ಟಿಯಲ್ಲಿರುವ ಚುಕ್ಕಿ ನೋಡಿ: ಒಂದು ಚುಕ್ಕಿ 110 ಡಿಗ್ರಿ, ಎರಡು 150, ಮೂರು 200. ಮೂರು ಚುಕ್ಕಿ ಹತ್ತಿಗೂ ಲಿನನ್ನಿಗೂ ಮಾತ್ರ. ಬೆರಕೆಗೆ ಅಷ್ಟು ಬಿಸಿ ಕೊಟ್ಟರೆ ಪಾಲಿಯೆಸ್ಟರ್ ಮೆತ್ತಗಾಗಿ ಚಪ್ಪಟೆಯಾಗಿ ಹೊಳಪು ಕಲೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಹತ್ತಿಯ ಸುಕ್ಕಿಗೆ ಅಂಜುವವರು ಬಟ್ಟೆ ಪೂರ್ತಿ ಒಣಗುವ ಮೊದಲೇ, ಇನ್ನೂ ಹಸಿ ಹಸಿ ಇರುವಾಗ ಇಸ್ತ್ರಿ ಮಾಡಿ ನೋಡಿ. ಅರ್ಧ ಸಮಯದಲ್ಲಿ ಮುಗಿಯುತ್ತದೆ.

ಪ್ರಶ್ನೆ: ಹತ್ತಿ ಬಟ್ಟೆ ತಂದು ಹೊಲಿಸಿದೆ. ಮೊದಲ ಒಗೆತಕ್ಕೇ ಗಿಡ್ಡವಾಯಿತು, ಬಣ್ಣವೂ ಬಿಟ್ಟಿತು. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಕುಗ್ಗುವುದು ಹತ್ತಿಯ ತಪ್ಪಲ್ಲ, ಮಗ್ಗದಲ್ಲಿ ಎಳೆದು ಕಟ್ಟಿದ ಹಾಸು ನೀರು ಕಂಡ ಕೂಡಲೇ ಸಡಿಲವಾಗುವುದು. ಅದಕ್ಕೇ ಅಗಲಕ್ಕಿಂತ ಉದ್ದ ಹೆಚ್ಚು ಕುಗ್ಗುತ್ತದೆ. ನೇಯ್ದ ಹತ್ತಿ ಶೇ 3ರಿಂದ 5, ಹೆಣೆದ ಟೀ ಶರ್ಟ್ ಬಟ್ಟೆ ಇನ್ನೂ ಹೆಚ್ಚು ಕುಗ್ಗಬಹುದು. ಶೇ 5 ಎಂದರೆ 70 ಸೆಂಟಿಮೀಟರಿನ ಅಂಗಿಗೆ ಮೂರೂವರೆ ಸೆಂಟಿಮೀಟರ್. ಆದ್ದರಿಂದ ಎರಡೂವರೆ ಮೀಟರ್ ಬೇಕಾದಲ್ಲಿ 15 ಸೆಂಟಿಮೀಟರ್ ಹೆಚ್ಚು ಕೊಳ್ಳಿ. ದರ್ಜಿಗೆ ಕೊಡುವ ಮೊದಲು ಬಟ್ಟೆಯನ್ನು ಬಿಡಿಸಿ ಬರೀ ನೀರಿನಲ್ಲಿ ಆರೆಂಟು ಗಂಟೆ ಮುಳುಗಿಸಿಡಿ. ಹಿಂಡದೆ ಎತ್ತಿ, ನೀರು ಸೋರಲು ಬಿಟ್ಟು ನೆರಳಿನಲ್ಲಿ ಆರಿಸಿ. ಹಸಿಯಿರುವಾಗಲೇ ಹಾಸಿನ ಗುಂಟ, ಎಳೆಯದೆ, ಇಸ್ತ್ರಿ ಮಾಡಿ. ಒಳಗೆ ಹಾಕುವ ಲೈನಿಂಗ್ ಬಟ್ಟೆಯನ್ನೂ ಹೀಗೇ ನೆನೆಸಬೇಕು. ಹೊರಬಟ್ಟೆ ಕುಗ್ಗದೆ ಲೈನಿಂಗ್ ಕುಗ್ಗಿದರೆ ಇಡೀ ಉಡುಪು ಮುದುಡಿ ನಿಲ್ಲುತ್ತದೆ. ನೆನೆಸದ ಹತ್ತಿಯನ್ನು ಕುಗ್ಗದ ಪಾಲಿಯೆಸ್ಟರ್ ದಾರದಲ್ಲಿ ಹೊಲಿದರೂ ಅಷ್ಟೇ, ಹೊಲಿಗೆ ಉದ್ದಕ್ಕೂ ನಿರಿಗೆ ಎದ್ದಂತಾಗುತ್ತದೆ.

ಬಣ್ಣದ ವಿಷಯ. ಉಪ್ಪು, ವಿನೆಗರ್ ನಂಬಿಕೆ ಹುಟ್ಟಿದ್ದು ಬಣ್ಣ ಹಾಕುವವರ ಕೆಲಸದಿಂದ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಉಪ್ಪು ಬಣ್ಣವನ್ನು ನಾರಿನತ್ತ ತಳ್ಳುತ್ತದೆ, ಸೋಡಾ ಅದನ್ನು ನಾರಿಗೆ ಬೆಸೆಯುತ್ತದೆ. ವಿನೆಗರಿನ ಆಮ್ಲ ಬೇಕಾಗುವುದು ಉಣ್ಣೆ, ರೇಷ್ಮೆಗೆ ಬಣ್ಣ ಕಟ್ಟುವಾಗ. ಹಾಕಿ ಮುಗಿದ ಬಣ್ಣ ಬಿಡುತ್ತಿದ್ದರೆ ಬೆಸೆಯದೆ ಉಳಿದ ಬಣ್ಣ ಹೊರಬರುತ್ತಿದೆ ಎಂದರ್ಥ. ಮನೆಯ ಉಪ್ಪು ಅದನ್ನು ಬೆಸೆಯಲಾರದು. ಉಪ್ಪುನೀರಿನಲ್ಲಿ ಬಣ್ಣ ಸುಲಭಕ್ಕೆ ಕರಗದ ಕಾರಣ ಆ ಹೊತ್ತಿಗೆ ನಿಂತಂತೆ ಕಾಣುತ್ತದೆ, ಮುಂದಿನ ಸಲ ಮತ್ತೆ ಬಿಡುತ್ತದೆ. ಸರಿಯಾದ ದಾರಿ ಇದಕ್ಕೆ ಉಲ್ಟಾ: ಬಿಡಬೇಕಾದದ್ದು ಬಿಟ್ಟುಹೋಗಲಿ. ಮೂರು ನಾಲ್ಕು ಸಲ ಬೇರೆಯಾಗಿ, ಡಿಟರ್ಜೆಂಟ್ ಹಾಕಿದ ಬಿಸಿನೀರಿನಲ್ಲಿ ಒಗೆದು ನೀರು ತಿಳಿಯಾಗುವವರೆಗೆ ಜಾಲಿಸಿ. ಐದಾರು ಸಲದ ಮೇಲೂ ಬಿಡುತ್ತಲೇ ಇದ್ದರೆ ಬಣ್ಣವೇ ಕಳಪೆ, ಅದನ್ನು ಕೊನೆತನಕ ಬೇರೆಯಾಗಿಯೇ ಒಗೆಯಬೇಕು. ಇಂಡಿಗೋ ನೀಲಿ ಮಾತ್ರ ಇದಕ್ಕೆ ಹೊರತು. ಅದು ನಾರಿನ ಮೇಲ್ಮೈಯಲ್ಲಿ ಪದರವಾಗಿ ಕೂರುವುದರಿಂದ ಒಳ್ಳೆಯ ಇಂಡಿಗೋ ಕೂಡ ಉಜ್ಜಿದಲ್ಲಿ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಕೊಳ್ಳುವಾಗ ಒದ್ದೆ ಬಿಳಿ ಕರವಸ್ತ್ರದಿಂದ ಹತ್ತು ಸಲ ಉಜ್ಜಿ ನೋಡಿದರೆ ಮುಂದಿನದ್ದು ಗೊತ್ತಾಗುತ್ತದೆ.

ಪ್ರಶ್ನೆ: ಅಂಗಡಿಯವರು 40, 60, 80 ಎಂದು ನೂಲಿನ ಲೆಕ್ಕ ಹೇಳುತ್ತಾರೆ. ಜಿಎಸ್‌ಎಂ ಎಂದೂ ಹೇಳುತ್ತಾರೆ. ಏನು ಕೇಳಬೇಕು?

ಉತ್ತರ: ಎರಡನ್ನೂ ಕೇಳಿ. ನೂಲಿನ ಸಂಖ್ಯೆ ಹೆಚ್ಚಾದಷ್ಟು ನೂಲು ಸಣ್ಣ. ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿಗಳು 40 ಬಂದರೆ ಅದು 40ರ ನೂಲು, 80 ಬಂದರೆ 80ರದ್ದು. ‘2/80’ ಎಂದರೆ 80ರ ಎರಡು ಎಳೆ ಸೇರಿಸಿ ಹುರಿ ಮಾಡಿದ್ದು. ದಪ್ಪದಲ್ಲಿ ಒಂಟಿ 40ರಷ್ಟೇ, ಬಲದಲ್ಲಿ ಮೇಲು. ಜಿಎಸ್‌ಎಂ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಮಲ್ಲು, ವಾಯಿಲ್ ಎಂಬ ತೆಳು ಹತ್ತಿಬಟ್ಟೆ 60ರಿಂದ 80, ಸೆಕೆಗಾಲದ ಅಂಗಿ 100ರಿಂದ 130, ಟೀ ಶರ್ಟ್ 140ರಿಂದ 180, ಪ್ಯಾಂಟು 220ರ ಮೇಲೆ. 130ಕ್ಕಿಂತ ಕಡಿಮೆ ತೂಕದ ಟೀ ಶರ್ಟ್ ಎರಡು ತಿಂಗಳಲ್ಲಿ ಆಕಾರ ಕಳೆದುಕೊಳ್ಳುವ ಸಂಭವ ಹೆಚ್ಚು.

ತೂಕವನ್ನು ಗಂಜಿಯಿಂದಲೂ ಏರಿಸುತ್ತಾರೆ. ಬಟ್ಟೆಯ ಎರಡು ಪದರವನ್ನು ಬಿರುಸಾಗಿ ಉಜ್ಜಿ. ಬಿಳಿ ಪುಡಿ ಉದುರಿ, ಉಜ್ಜಿದ ಜಾಗ ತೆಳುವಾಗಿ ಕಂಡರೆ ಅದು ಒಗೆದ ಮೇಲೆ ಜಾಳುಜಾಳಾಗುತ್ತದೆ. ಹಾಸಿಗೆ ಹೊದಿಕೆಯಲ್ಲಿ 800, 1000 ಎಂದು ‘ಥ್ರೆಡ್ ಕೌಂಟ್’ (ಚದರ ಅಂಗುಲದಲ್ಲಿರುವ ಎಳೆಗಳ ಸಂಖ್ಯೆ) ಬರೆದದ್ದಕ್ಕೆ ಮರುಳಾಗಬೇಡಿ. ಹುರಿಯಲ್ಲಿರುವ ಒಂದೊಂದು ಎಳೆಯನ್ನೂ ಬೇರೆ ಬೇರೆ ಎಣಿಸಿದರೆ ಆ ಸಂಖ್ಯೆ ಬರುತ್ತದೆ. ಚದರ ಅಂಗುಲಕ್ಕೆ 200ರಿಂದ 400 ಎಳೆಯ ಅಪ್ಪಟ ಹತ್ತಿ ಸಾಕು, ಗಾಳಿಯೂ ಆಡುತ್ತದೆ.

ಪ್ರಶ್ನೆ: ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ಯಾವ ಬಟ್ಟೆ ಒಳ್ಳೆಯದು?

ಉತ್ತರ: ಒತ್ತಾಗಿ ನೇಯ್ದ, 150 ಜಿಎಸ್‌ಎಂ ಮೇಲಿನ ಹತ್ತಿ, ತೋಳು ಮೈಗೆ ಹತ್ತಿರವಾಗಿರಲಿ. ಪಾಲಿಯೆಸ್ಟರ್ ಸುಮಾರು 255 ಡಿಗ್ರಿಗೆ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟಿ ಸುಡುತ್ತದೆ. ಹತ್ತಿಗೆ ಬೆಂಕಿ ಹಿಡಿಯುವುದಿಲ್ಲ ಎಂದುಕೊಳ್ಳಬೇಡಿ. ತೆಳುವಾದ, ಜೋಲಾಡುವ ಹತ್ತಿ ಕ್ಷಣದಲ್ಲಿ ಹೊತ್ತಿ ಉರಿಯುತ್ತದೆ. ನಾರಿನಷ್ಟೇ ಉಡುಪಿನ ಆಕಾರವೂ ಇಲ್ಲಿ ಮುಖ್ಯ.

ಪ್ರಶ್ನೆ: ಕಡುಬಣ್ಣದ ಸಿಂಥೆಟಿಕ್ ಬಟ್ಟೆ ತೊಟ್ಟರೆ ಕಂಕುಳು, ಮೊಣಕಾಲಿನ ಹಿಂದೆ ತುರಿಕೆ ಏಳುತ್ತದೆ. ಉಣ್ಣೆಯೂ ಚುಚ್ಚುತ್ತದೆ. ನನಗೆ ಎಲ್ಲವೂ ಅಲರ್ಜಿಯೇ?

ಉತ್ತರ: ಎರಡೂ ಬೇರೆ ಬೇರೆ. ಪಾಲಿಯೆಸ್ಟರಿಗೆ ಹಾಕುವುದು ಡಿಸ್ಪರ್ಸ್ ಬಣ್ಣ. ಅದು ನಾರಿಗೆ ರಾಸಾಯನಿಕವಾಗಿ ಬೆಸೆಯದೆ ಒಳಗೆ ಸೇರಿಕೊಂಡಿರುತ್ತದೆ, ಬೆವರು ಮತ್ತು ಉಜ್ಜಾಟಕ್ಕೆ ಅಷ್ಟಿಷ್ಟು ಹೊರಬಂದು ಚರ್ಮಕ್ಕೆ ತಾಗುತ್ತದೆ. ಕಡುನೀಲಿ, ಕಪ್ಪು ಬಟ್ಟೆ ಬಿಗಿಯಾಗಿ ಉಜ್ಜುವ ಕಡೆ ದದ್ದು ಎದ್ದರೆ ಇದರ ಮೇಲೆ ಅನುಮಾನ ಪಡಬೇಕು. ಚರ್ಮವೈದ್ಯರು ಪ್ಯಾಚ್ ಪರೀಕ್ಷೆ (ಅನುಮಾನದ ವಸ್ತುವನ್ನು ಚರ್ಮಕ್ಕೆ ಪಟ್ಟಿಯಲ್ಲಿ ಅಂಟಿಸಿ ನೋಡುವುದು) ಮಾಡಿ ಯಾವ ಬಣ್ಣ ಎಂದು ಗುರುತಿಸಬಲ್ಲರು, ದಯವಿಟ್ಟು ತೋರಿಸಿ. ‘ಸುಕ್ಕಾಗದ ಹತ್ತಿ’ಯಲ್ಲೂ ಫಾರ್ಮಾಲ್ಡಿಹೈಡ್ ಬಿಡುವ ರಾಳ ಇರಬಹುದು, ಸೂಕ್ಷ್ಮ ಚರ್ಮದವರು ಅದನ್ನು ಬಿಡುವುದೇ ಲೇಸು. ಯಾವ ಹೊಸ ಬಟ್ಟೆಯನ್ನಾದರೂ, ಮುಖ್ಯವಾಗಿ ಮಕ್ಕಳದ್ದನ್ನು, ಎರಡು ಸಲ ಒಗೆದೇ ತೊಡಿಸಿ.

ಉಣ್ಣೆಯ ಚುಚ್ಚುವಿಕೆ ಹೆಚ್ಚಾಗಿ ಅಲರ್ಜಿ ಅಲ್ಲ. 30 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪದ ನಾರಿನ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. 20 ಮೈಕ್ರಾನಿಗಿಂತ ಸಣ್ಣ ನಾರಿನ ಮೆರಿನೋ ಉಣ್ಣೆ ಹಾಗೆ ಒತ್ತುವುದಿಲ್ಲ. ಒಳಗೆ ತೆಳು ಹತ್ತಿ ಅಂಗಿ ತೊಟ್ಟರೂ ಸಾಕು.

ಪ್ರಶ್ನೆ: ಲಿನನ್ ಅಂಗಿ ಮಡಿಕೆಯಲ್ಲೇ ಸೀಳಿತು. ಇಷ್ಟು ಗಟ್ಟಿ ನಾರು ಹೀಗಾಗಬಹುದೇ?

ಉತ್ತರ: ಎಳೆದರೆ ಗಟ್ಟಿ, ಮಡಚಿದರೆ ಪೆಡಸು. ಅಗಸೆ ನಾರಿಗೆ ಹಿಗ್ಗುವ ಗುಣ ತೀರ ಕಡಿಮೆ. ಒಂದೇ ಗೆರೆಯಲ್ಲಿ ಪದೇ ಪದೇ ಮಡಚಿ, ಅದರ ಮೇಲೆ ಒಣ ಇಸ್ತ್ರಿ ಒತ್ತಿದರೆ ಅಲ್ಲೇ ಮುರಿಯುತ್ತದೆ. ಹ್ಯಾಂಗರಿಗೆ ಹಾಕಿಡಿ. ಮಡಚಲೇಬೇಕಾದರೆ ಪ್ರತಿಸಲ ಗೆರೆ ಬದಲಿಸಿ, ಕಾಲರಿನ ಅಂಚನ್ನು ಇಸ್ತ್ರಿಯಲ್ಲಿ ಕತ್ತಿಯಂತೆ ಚೂಪು ಮಾಡಬೇಡಿ.

ಪ್ರಶ್ನೆ: ಎಲ್ಲವನ್ನೂ ಒಮ್ಮೆಗೆ ಬದಲಿಸುವಷ್ಟು ಹಣವಿಲ್ಲ. ಎಲ್ಲಿಂದ ಶುರು ಮಾಡಲಿ? ಇರುವ ಸಿಂಥೆಟಿಕ್ ಎಸೆಯಬೇಕೇ?

ಉತ್ತರ: ಎಸೆಯಬೇಡಿ. ಪಾಲಿಯೆಸ್ಟರ್ ಮಣ್ಣಲ್ಲಿ ಕರಗಲು ಬಹಳ ಕಾಲ ಬೇಕು, ಇರುವುದನ್ನು ಸವೆಯುವವರೆಗೆ ತೊಡುವುದೇ ಒಳ್ಳೆಯದು. ಬದಲಾವಣೆ ಮೈಗೆ ತೀರ ಹತ್ತಿರದ್ದರಿಂದ ಶುರುವಾಗಲಿ. ಮೊದಲು ಒಳ ಉಡುಪು. ಕಡೇಪಕ್ಷ ಒಳಪದರ ಅಪ್ಪಟ ಹತ್ತಿಯಿರಲಿ, ಸೊಂಟದ ಎಲಾಸ್ಟಿಕ್ ಬಟ್ಟೆಯೊಳಗೆ ಮುಚ್ಚಿರಲಿ. ಆಮೇಲೆ ರಾತ್ರಿ ತೊಡುವ ಬಟ್ಟೆ, ದಿಂಬಿನ ಚೀಲ, ಹಾಸಿಗೆ ಹೊದಿಕೆ. ದಿನದ ಮೂರನೇ ಒಂದು ಪಾಲು ನಾವು ಇವುಗಳ ಮೇಲೆಯೇ ಕಳೆಯುತ್ತೇವೆ, ಆದರೂ ಎಲ್ಲರೂ ಇದನ್ನು ಕೊನೆಗೆ ಬಿಡುತ್ತಾರೆ. ಮೂರನೆಯದಾಗಿ ಸೆಕೆಯ ದಿನಗಳ ಅಂಗಿ. ಪ್ಯಾಂಟು, ಜಾಕೆಟ್ ಇನ್ನೂ ಎರಡು ವರ್ಷ ಕಾಯಬಹುದು.

ಸಿಂಥೆಟಿಕ್ ಒಗೆಯುವಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ನಾರು ನೀರಿಗೆ ಸೇರುತ್ತದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ 2016ರ ಅಧ್ಯಯನದ ಅಂದಾಜಿನಂತೆ 6 ಕೆಜಿ ಅಕ್ರಿಲಿಕ್ ಬಟ್ಟೆಯ ಒಂದು ಒಗೆತಕ್ಕೆ 7 ಲಕ್ಷಕ್ಕೂ ಹೆಚ್ಚು, ಪಾಲಿಯೆಸ್ಟರಿನಿಂದ ಸುಮಾರು 5 ಲಕ್ಷ ನಾರು ಹೊರಬೀಳುತ್ತದೆ. ತಣ್ಣೀರು, ತುಂಬಿದ ಯಂತ್ರ, ಕಡಿಮೆ ಅವಧಿಯ ಒಗೆತ ಇದನ್ನು ತಗ್ಗಿಸುತ್ತವೆ. ಹಾಗೆಂದು ಹತ್ತಿ ಪೂರ್ತಿ ನಿರಪರಾಧಿಯಲ್ಲ, ಬೆಳೆಯಲು ನೀರೂ ಕೀಟನಾಶಕವೂ ಬೇಕು. ನಾಲ್ಕು ಅಗ್ಗದ ಹತ್ತಿ ಅಂಗಿಗಿಂತ ಎಂಟು ವರ್ಷ ಬಾಳುವ ಎರಡು ಅಂಗಿ ಮಣ್ಣಿಗೂ ಕಿಸೆಗೂ ಹಗುರ.

ಪ್ರಶ್ನೆ: ಹತ್ತಿ, ಉಣ್ಣೆ, ರೇಷ್ಮೆ ಕಪಾಟಿನಲ್ಲೇ ಹಾಳಾಗುತ್ತವೆ. ಹೇಗೆ ಎತ್ತಿಡಬೇಕು?

ಉತ್ತರ: ಹತ್ತಿಯ ಶತ್ರು ಬೂಷ್ಟು. ಒಂದಿಷ್ಟು ಹಸಿ ಉಳಿದರೂ ಕಪ್ಪು ಚುಕ್ಕಿ ಬೀಳುತ್ತದೆ. ಇಸ್ತ್ರಿ ಮಾಡಿದ ಬಟ್ಟೆಯನ್ನು ಒಂದು ಗಂಟೆ ಗಾಳಿಗೆ ಬಿಟ್ಟು ಆಮೇಲೆ ಮಡಚಿ. ಗಂಜಿ ಹಾಕಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ, ಗಂಜಿ ತಿನ್ನಲು ಸಿಲ್ವರ್‌ಫಿಶ್ ಹುಳು ಬರುತ್ತದೆ. ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಹತ್ತಿ ದಿಂಬಿನ ಚೀಲ ಬಳಸಿ.

ಉಣ್ಣೆ, ರೇಷ್ಮೆಯನ್ನು ಕೊರೆಯುವುದು ಪತಂಗದ ಮರಿಹುಳು. ಅದಕ್ಕೆ ಬೆವರು, ಆಹಾರದ ಕಲೆಯ ಜಾಗ ಇಷ್ಟ, ಆದ್ದರಿಂದ ಒಮ್ಮೆ ತೊಟ್ಟಿದ್ದರೂ ಒಗೆದೇ ಎತ್ತಿಡಿ. ಒಗೆಯಲು ಎಂಜೈಮ್ ಇಲ್ಲದ, ಕ್ಷಾರವಿಲ್ಲದ ದ್ರವ ಸೋಪು ಬೇಕು. ಪ್ರೋಟೀನ್ ಕಲೆ ತೆಗೆಯುವ ಎಂಜೈಮು ಪ್ರೋಟೀನಿನಿಂದಲೇ ಆದ ಈ ನಾರನ್ನೂ ತಿನ್ನುತ್ತದೆ. ನುಸಿಗುಳಿಗೆ ಇಡುವುದಾದರೆ ಬಟ್ಟೆಗೆ ತಾಗದಂತೆ ಇಡಿ. ಶಿಶುಗಳ ಬಟ್ಟೆಯ ಜೊತೆ ನ್ಯಾಫ್ತಲೀನ್ ಇಡಲೇಬಾರದು, ಕೆಲವು ಮಕ್ಕಳಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ. ಹುಳು ಈಗಾಗಲೇ ಬಿದ್ದಿದ್ದರೆ ಸ್ವೆಟರನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಚೀಲ ತಕ್ಷಣ ಬಿಚ್ಚಬೇಡಿ. ಒಳಗೆ ನೀರು ಹನಿಗಟ್ಟದಂತೆ ಕೋಣೆಯ ಬಿಸಿಗೆ ಬರುವವರೆಗೆ ಕಾದು, ಆಮೇಲೆ ಬಿಸಿಲಿಗೆ ಕೊಡವಿ.